ನಾನು ಕತ್ತರಿಸಿ ತೆಗೆದ ಜಾಗ

ಶಾಲೆಯಿಂದ ನಿವೃತ್ತಳಾದ ಮೇಲೆ ನನ್ನ ಕೆಂಪು ಪೆನ್ನಿಗೆ ಕೆಲಸ ತಪ್ಪಿತು. ಆದರೆ ಏನನ್ನಾದರೂ ತಿದ್ದದೆ ನನಗೆ ಉಂಡದ್ದು ಜೀರ್ಣವಾಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಫೋಟೋಗಳ ಸ್ಲೈಡ್‌ಶೋ ಮಾಡುವುದನ್ನು ಕಲಿತೆ. ಕಡಬದಲ್ಲಿ ನಾಮಕರಣವಿರಲಿ, ಕೊಯಿಲದಲ್ಲಿ ಅರುವತ್ತರ ಶಾಂತಿಯಿರಲಿ, ಹಳೆಯ ಆಲ್ಬಮ್ಮುಗಳು ಉಪ್ಪಿನಂಗಡಿಯ ನಮ್ಮ ಮನೆಗೆ ಬರತೊಡಗಿದವು. ಓರೆಯಾದದ್ದನ್ನು ನೇರ ಮಾಡುವುದು, ಮೂಲೆಯಲ್ಲಿ ಇಣುಕುವ ಬಾಲ್ದಿಯನ್ನು ಕತ್ತರಿಸಿ ತೆಗೆಯುವುದು, ಕೊನೆಗೊಂದು ಹಾಡು ಹಾಕುವುದು. ನೋಡಿದವರು ಕಣ್ಣೊರೆಸಿಕೊಂಡರೆ ನನಗೆ ನೂರಕ್ಕೆ ನೂರು ಸಿಕ್ಕ ಹಾಗೆ.

ನಮ್ಮ ಪಕ್ಕದ ಮನೆಯದು ಬ್ಯಾರಿ ಕುಟುಂಬ. ಯಜಮಾನರು ಇಪ್ಪತ್ತೆಂಟು ವರ್ಷ ಗಲ್ಫಿನಲ್ಲಿ ದುಡಿದು ಕಳೆದ ವರ್ಷ ಊರಿಗೆ ಮರಳಿದರು. ನನ್ನ ಹಳೆಯ ವಿದ್ಯಾರ್ಥಿನಿಯಾದ ಅವರ ಹಿರಿಯ ಮಗಳು ಒಂದು ದಪ್ಪ ಆಲ್ಬಮ್ ಹಿಡಿದು ಬಂದಳು.

“ಟೀಚರ್, ಉಪ್ಪ ಇನ್ನು ಗಲ್ಫಿಗೆ ಹೋಗುದಿಲ್ಲ. ಆದಿತ್ಯವಾರ ನಾವೆಲ್ಲ ಸೇರುದುಂಟು. ಅವರಿಗೆ ತೋರಿಸ್ಲಿಕ್ಕೆ ಒಂದು ಸ್ಲೈಡ್‌ಶೋ ಮಾಡಿ ಕೊಡ್ಬೇಕು. ಹಾಡು ಮಾತ್ರ ಬೇಡ ಆಯ್ತಾ, ಅಜ್ಜಿಗೆ ಆಗುದಿಲ್ಲ.”

ಹಾಡಿಲ್ಲದ ಸ್ಲೈಡ್‌ಶೋ ಅಂದರೆ ಉಪ್ಪಿಲ್ಲದ ಗಂಜಿ ಎಂದು ನಾನು ಮನಸ್ಸಿನಲ್ಲೇ ಗೊಣಗಿದೆ.

ಆಲ್ಬಮ್ ಅವಳ ಉಪ್ಪನದೇ, ಅಂದರೆ ತಂದೆಯದೇ. ಒಂದು ಮಳೆಗಾಲ ಹೊಳೆ ನುಗ್ಗಿ ಮನೆಯಲ್ಲಿದ್ದ ಫೋಟೋಗಳೆಲ್ಲ ಹೋಗಿದ್ದವು. ಅವರಿಗೆಂದು ಕಳುಹಿಸಿದವು ಮಾತ್ರ ಕಡಲಾಚೆ ಬದುಕಿಕೊಂಡಿದ್ದವು. ಪ್ರತಿ ವರ್ಷ ಹಬ್ಬದ ಹೊಸ ಬಟ್ಟೆಯಲ್ಲಿ ತಾಯಿ ಮತ್ತು ಮೂವರು ಮಕ್ಕಳು ಪೇಟೆಯ ಸ್ಟುಡಿಯೋಗೆ ಹೋಗಿ ತೆಗೆಸಿದವು ಅವು. ತಂದೆಯ ರಜೆ ಹಬ್ಬದ ತಿಂಗಳಿಗೆ ಒಮ್ಮೆಯೂ ಕೂಡಿಬರಲಿಲ್ಲವಂತೆ.

ಮೂರನೆಯ ಮಗು ಹುಟ್ಟಿದಲ್ಲಿಂದ ಕೈಗೆ ಮೊಬೈಲ್ ಬರುವವರೆಗೆ ಒಟ್ಟು ಹದಿನೇಳು ಫೋಟೋ. ಒಂದಾದರೂ ನೆಟ್ಟಗಿಲ್ಲ! ನಾಲ್ವರೂ ಎಡಕ್ಕೆ ಒತ್ತಿಕೊಂಡು ನಿಂತಿದ್ದಾರೆ. ಬಲಗಡೆ ಬರೀ ಪರದೆ. ಸ್ಟುಡಿಯೋದವನಿಗೆ ಕಣ್ಣಿರಲಿಲ್ಲವೇ ಎಂದು ಬೈದುಕೊಂಡೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ, ಬಲಗಡೆಯ ಖಾಲಿಯನ್ನೆಲ್ಲ ಕತ್ತರಿಸಿ, ತಾಯಿ ಮಕ್ಕಳನ್ನು ನಡುವಿಗೆ ತಂದೆ. ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶನಿವಾರ ಮಧ್ಯಾಹ್ನ ಆ ಮಕ್ಕಳ ತಾಯಿಯನ್ನು ಕರೆದು ತೋರಿಸಿದೆ. ಆಕೆ ಮಾತು ಕಡಿಮೆಯ ಹೆಂಗಸು. ಮೂರು ಫೋಟೋ ನೋಡುವಷ್ಟರಲ್ಲಿ ಮುಖ ಸಣ್ಣದಾಯಿತು.

“ಇವರ ಜಾಗ ಎಲ್ಲಿ ಹೋಯ್ತು ಟೀಚರ್?”

“ಯಾರ ಜಾಗ?”

“ಇವರದ್ದು. ನನ್ನ ಪಕ್ಕ ಬಿಟ್ಟಿದ್ದೆನಲ್ಲ.”

ನನಗೆ ನಿಧಾನವಾಗಿ ಹೊಳೆಯಿತು. ಸ್ಟುಡಿಯೋದವನು ಪ್ರತಿ ವರ್ಷ ನಡುವಿಗೆ ಬನ್ನಿ ಎನ್ನುತ್ತಿದ್ದನಂತೆ. ಈಕೆ ಬರುತ್ತಿದ್ದರಂತೆ. ಅವನು ಕ್ಯಾಮರಾಕ್ಕೆ ಕಣ್ಣಿಟ್ಟ ಕೂಡಲೇ ಮಕ್ಕಳನ್ನು ಎಳೆದುಕೊಂಡು ಮತ್ತೆ ಎಡಕ್ಕೆ ಸರಿಯುತ್ತಿದ್ದರಂತೆ. ಕೊನೆಕೊನೆಗೆ ಅವನೂ ಸೋತು ಸುಮ್ಮನಾದ. ಗಂಡ ಬಂದು ನಿಲ್ಲುವಷ್ಟು ಜಾಗ, ಒಂದು ವರ್ಷವೂ ಬಿಡದೆ. ನಾನೋ, ಗಣಪತಿಯನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿ ಇಟ್ಟಿದ್ದೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

“ಅವರಿಗೆ ಗೊತ್ತುಂಟಾ?” ಎಂದು ಕೇಳಿದೆ.

“ಇಲ್ಲ. ಹೇಳ್ಲೇ ಇಲ್ಲ. ಈಗ ನೀವೂ ಹೇಳ್ಬೇಡಿ. ಅವರಿಗೇ ಕಾಣ್ತದಾ ನೋಡುವ.”

ಅಷ್ಟು ಹೇಳುವಾಗ ಸೆರಗಿನ ತುದಿಯನ್ನು ಆಕೆ ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಇಷ್ಟು ವರ್ಷ ಕಾದದ್ದು ಅವರಿಗೆ ಕಷ್ಟವಾಗಿರಲಿಕ್ಕಿಲ್ಲ. ನಾಳೆ ಗಂಡನಿಗೆ ಅದು ಕಾಣದೇ ಹೋದರೆ ಎಂಬ ಹೆದರಿಕೆಯೇ ದೊಡ್ಡದಾಗಿತ್ತು. ಎಂಥ ಹೆಂಗಸು ಇವರು ಎಂದು ನನಗೆ ಆ ಹೊತ್ತಿಗೆ ಬಹಳ ಅಭಿಮಾನವಾಯಿತು. ಹದಿನೇಳನ್ನೂ ಮತ್ತೆ ಇದ್ದ ಹಾಗೆಯೇ ಹಾಕಿದೆ. ಓರೆಯಾದದ್ದನ್ನೂ ಮುಟ್ಟಲಿಲ್ಲ.

ಆದಿತ್ಯವಾರ ಊಟವಾದ ಮೇಲೆ ಅವರ ಮನೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದೆವು. ಅಜ್ಜಿ, ಮಕ್ಕಳು, ಅಳಿಯ, ನಾನು. ಯಜಮಾನರು ಮುಂದಿನ ಕುರ್ಚಿಯಲ್ಲಿ ಕುಳಿತರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತರು. ನಾನು ಟಿವಿಯನ್ನು ನೋಡಲಿಲ್ಲ, ಅವರಿಬ್ಬರನ್ನೇ ನೋಡುತ್ತಿದ್ದೆ.

ಮಕ್ಕಳು ತಮ್ಮ ಹಲ್ಲು ಬಿದ್ದ ಮುಖ ಕಂಡು ನಕ್ಕರು, ಅಂಗಿಯ ಬಣ್ಣಕ್ಕೆ ಜಗಳವಾಡಿದರು. ಯಜಮಾನರೂ ನಗುತ್ತಿದ್ದರು. ಐದು ಹೋಯಿತು, ಎಂಟು ಹೋಯಿತು. ಹತ್ತನೆಯದು ಬಂದಾಗಲೂ ಅವರು ಮಗಳ ಜಡೆಯ ಬಗ್ಗೆಯೇ ಮಾತಾಡುತ್ತಿದ್ದರು. ಬಾಗಿಲಲ್ಲಿದ್ದವರು ತಲೆ ತಗ್ಗಿಸಿದರು. ಎದ್ದು ಟಿವಿಯ ಬಲಗಡೆಗೆ ಬೆರಳು ತೋರಿಸಿಬಿಡಲೇ ಅನ್ನಿಸಿತು ನನಗೆ. ನಾಲಿಗೆ ಕಚ್ಚಿಕೊಂಡು ಕೂತೆ.

ಹನ್ನೆರಡನೆಯದಕ್ಕೆ ಅವರ ನಗು ನಿಂತಿತು.

“ಸ್ವಲ್ಪ ಹಿಂದೆ ಹೋಗಿ ಟೀಚರ್,” ಎಂದರು. ಹೋದೆ. “ಇನ್ನೂ ಹಿಂದೆ.” ಮೊದಲ ಫೋಟೋದವರೆಗೆ ಹೋಗಿ, ಒಂದೊಂದಾಗಿ ಮತ್ತೆ ಮುಂದೆ ಬಂದೆವು. ಮಕ್ಕಳು ಉದ್ದವಾಗುತ್ತಿದ್ದರು, ಪರದೆ ಬದಲಾಗುತ್ತಿತ್ತು. ತಾಯಿಯ ಬಲಗಡೆಯ ಜಾಗ ಮಾತ್ರ ಅಷ್ಟೇ ಅಗಲ. ಹಾಡಿಲ್ಲದ ಕಾರಣ ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಇತ್ತು. ಸದ್ಯ, ಹಾಡಿರಲಿಲ್ಲ.

“ನಾನು ಗಲ್ಫಲ್ಲಿ ಕೂತು ಸ್ಟುಡಿಯೋದವನಿಗೆ ಬೈತಿದ್ದೆ ಮಾರಾಯ್ರೆ,” ಎಂದರು ನನ್ನ ಕಡೆ ತಿರುಗಿ. “ಫೋಟೋ ತೆಗೀಲಿಕ್ಕೆ ಬರುದಿಲ್ಲ ಅವನಿಗೆ ಅಂತ ರೂಮಿನವರಿಗೆಲ್ಲ ತೋರಿಸ್ತಿದ್ದೆ. ಇವಳು ಒಂದು ಮಾತು ಬರೆದು ಹಾಕ್ಬಾರ್ದಿತ್ತಾ?”

ಬಾಗಿಲಲ್ಲಿದ್ದವರು ಗಂಡನಿಗೆ ಉತ್ತರ ಕೊಡಲಿಲ್ಲ, ನನಗೆ ಕೊಟ್ಟರು.

“ಬರೆದಿದ್ರೆ ಇವರು ಅಲ್ಲಿ ನಿಲ್ತಿದ್ರಾ ಟೀಚರ್? ಮರುದಿನವೇ ಹೊರಟು ಬರ್ತಿದ್ರು. ಮೂರು ಮಕ್ಕಳು ಓದ್ಲಿಕ್ಕೆ ಇದ್ರಲ್ಲ.”