ನಿನ್ನ ಹೆಗಲಿಗೆ ಹಾಕಿದ ನನ್ನ ಕುಡಿತ

ನಾನು ಸುಳ್ಳು ಹೇಳಿದೆ, ಅಂಬಾರಾಯ. ಕುಡಿತ ಬಿಡುವವರ ಸಭೆಗೆ ನನ್ನನ್ನು ಕರೆದುಕೊಂಡು ಹೋದವನು ನೀನು. ನಾನೇ ನಿನ್ನನ್ನು ಕರೆತರುತ್ತೇನೆ ಎಂದು ನನ್ನ ಹೆಂಡತಿಯ ತಮ್ಮನಿಗೆ ಹೇಳಿದೆ. ನಿನ್ನ ಎದುರಿಗೇ ಹೇಳಿದೆ. ಆ ಒಂದು ಮಾತಿನಿಂದ ನೆಹರು ಗಂಜಿನ ಕಾಳು ಮಾರುಕಟ್ಟೆಯಲ್ಲಿ ನಿನ್ನ ಟೆಂಪೊಗೆ ತೊಗರಿ ಚೀಲ ಹೇರುವವರೇ ಇಲ್ಲವಾದರು.

ಮೊದಲಿನಿಂದ ಹೇಳಬೇಕು. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ— ಅದು ನನಗೆ ಬೇಕಾದ ಹಾಗೆ ತಿದ್ದಿಕೊಂಡು ಬರುತ್ತದೆ. ಆ ಶನಿವಾರ ಕಮಲಾಪುರದಲ್ಲಿ ಬಸ್ಸು ತಪ್ಪಿತ್ತು, ಅದಕ್ಕೇ ನಿನ್ನ ಟೆಂಪೊ ಹತ್ತಿದೆ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ತಪ್ಪಿರಲಿಲ್ಲ. ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ನನ್ನ ಬಾಯಿ ನಾರುತ್ತಿತ್ತು. ಬಸ್ಸನ್ನು ನಾನೇ ಬಿಟ್ಟೆ. ಮುಂಜಾನೆಯ ಶಾಲೆ ಆಗಷ್ಟೇ ಮುಗಿದಿತ್ತು. ಹೌದು, ಕುಡಿದೇ ಪಾಠ ಮಾಡಿದ್ದೆ.

ಮಹಾಗಾಂವ ದಾಟಿದ ಮೇಲೆ ನೀನು ನಕ್ಕೆ.

"ಸರ್, ಬಾಯಾಗ ಏಲಕ್ಕಿ ಅಂಗಡಿ ಇಟ್ಟೀರೇನ್ರಿ? ಎಷ್ಟ್ ತಿಂದ್ರೂ ವಾಸನಿ ಹೋಗಂಗಿಲ್ರಿ. ನಾನೂ ಎಲ್ಲಾ ಮಾಡಿ ನೋಡೀನಿ."

"ಗಾಡಿ ನಿಲ್ಲಸು," ಎಂದು ಕೂಗಿದೆ.

"ಇಲ್ಲಿ ಇಳದ್ರ ಎದುರಿಗೇ ವೈನ್ ಶಾಪ್ ಅದ. ಸುಮ್ ಕುಂದರ್ರಿ."

ಗಂಜಿನಲ್ಲಿ ಚೀಲ ಇಳಿಸಿ, ನೀನು ನನ್ನನ್ನು ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಓಣಿಯಲ್ಲಿ ಒಂದು ಮಾಳಿಗೆಗೆ ಹತ್ತಿಸಿದೆ. ಪ್ಲಾಸ್ಟಿಕ್ ಕುರ್ಚಿಗಳು, ಚಹಾದ ಕೆಟಲ್. ಒಬ್ಬೊಬ್ಬರೂ ತಮ್ಮ ಹೆಸರು ಹೇಳಿ, "ನಾನು ಕುಡುಕ" ಎನ್ನಬೇಕು. ಕೇಳಿದ್ದು ಆ ಕೋಣೆಯಲ್ಲೇ ಉಳಿಯಬೇಕು. ಯಾರು ಬರುತ್ತಾರೆಂದು ಹೊರಗೆ ಹೇಳಬಾರದು. ನೀನು ಕುಡಿತ ಬಿಟ್ಟು ವರ್ಷಗಳಾಗಿದ್ದವು. ಆದರೂ ಎದ್ದು ನಿಂತು ಹಾಗೆಯೇ ಹೇಳಿದೆ. ಮುಂದಿನ ಶನಿವಾರಗಳಲ್ಲಿ ನಾನೂ ಹೇಳಿದೆ. ಆ ಕೋಣೆಯೊಳಗೆ ನಾನು ಸುಳ್ಳಾಡಿದವನಲ್ಲ. ಮೆಟ್ಟಿಲು ಇಳಿದ ಮೇಲೆ—

ಒಂದು ಶನಿವಾರ ಮೆಟ್ಟಿಲ ಕೆಳಗೆ, ಸಭೆಯ ಬೋರ್ಡಿನ ಪಕ್ಕದಲ್ಲೇ, ವೀರೇಶ ಎದುರಾದ. ಗಂಜಿನಲ್ಲಿ ಕಾಳಿನ ದಲಾಲಿ ಮಾಡುವ ಅಡತಿ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಪ್ರಸಾದದ ಪೊಟ್ಟಣ.

"ಮಾಮಾ, ನೀವ್ ಇಲ್ಲೇನ್ ಮಾಡಾಕತ್ತೀರಿ?" ಅವನು ಬೋರ್ಡು ಓದಿದ. ನನ್ನನ್ನು ನೋಡಿದ.

"ಇಂವಾ ಕುಡೀತಾನ, ವೀರೇಶ. ಬಿಡಸಾಕ ನಾನೇ ಕರಕೊಂಡ್ ಬರ್ತೀನಿ."

ಅವನು ತಕ್ಷಣ ನಂಬಿದ. ನಾನು ಅವನ ಅಕ್ಕನ ಗಂಡ, ಮೇಷ್ಟ್ರು. ನೀನು ಗಾಜಿನ ಮೇಲೆ ಬುದ್ಧನ ಚಿತ್ರ ಅಂಟಿಸಿಕೊಂಡ ಟೆಂಪೊ ಚಾಲಕ. ನಂಬುತ್ತಾನೆಂದು ಗೊತ್ತಿದ್ದೇ ಹೇಳಿದೆ. ಭಯದಿಂದ ಬಾಯಿ ತಪ್ಪಿತು ಎಂದು ಬರೆಯಬಹುದಿತ್ತು— ಇಲ್ಲ, ಲೆಕ್ಕ ಹಾಕಿಯೇ ಹೇಳಿದೆ.

ನೀನು ಅಂದೆ: "ಹೌದ್ರೀ ಸಾವ್ಕಾರ್ರ. ಸರ್ ಇರಲಿಲ್ಲಂದ್ರ ನಾ ಎಲ್ಲಿ ಬಿದ್ದಿರ್ತಿದ್ನೋ."

ಆಗ ನೀನು ನಕ್ಕೆಯಾ? ನನ್ನ ನೆನಪಿನಲ್ಲಿ ನಗುತ್ತೀ. ಆ ನಗು ನಾನೇ ತಂದಿಟ್ಟದ್ದಿರಬೇಕು. ಆ ಕೋಣೆಯ ನಿಯಮವನ್ನು ಬೀದಿಯಲ್ಲಿ ಉಳಿಸಿದವನು ನೀನು. ಮುರಿದವನು ನಾನು, ಅದನ್ನೂ ನಿನ್ನ ಹೆಸರಿನಲ್ಲಿ.

ವೀರೇಶ ಕೆಟ್ಟವನಲ್ಲ. ಕುಡುಕನ ಗಾಡಿಗೆ ಮಾಲು ಹಾಕಬೇಡಿ ಎಂದು ಗಂಜಿನವರಿಗೆ ಹೇಳಿದ, ಅಷ್ಟೇ. ನೀನು ಬಂದು ಕೇಳಿದೆ: "ಸರ್, ನೀವ್ ಒಂದ್ ಮಾತ್ ಹೇಳಿದ್ರ ಆಗ್ತದ್ರಿ." ನಾನು ಹೇಳ್ತೀನಿ ಅಂದೆ. ಹೇಳಲಿಲ್ಲ. ನೀನು ಮತ್ತೆ ಕೇಳಿದೆ. ಆಮೇಲೆ ಕೇಳುವುದನ್ನೂ ಬಿಟ್ಟೆ, ಸಭೆಗೆ ಬರುವುದನ್ನೂ ಬಿಟ್ಟೆ. ಈಗ ಬೇರೆಯವರ ಗಾಡಿ ಓಡಿಸುತ್ತೀಯಂತೆ. ಮತ್ತೆ ಕುಡಿಯುತ್ತೀಯೋ— ಕೇಳುವ ಧೈರ್ಯ ನನಗಾಗಿಲ್ಲ. ನಾನು ಮಾತ್ರ ಕುಡಿಯದೆ ಇದ್ದೇನೆ. ನಿನ್ನಿಂದಲೇ ಇದ್ದೇನೆ.

ಇದನ್ನು ಸಭೆಯಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿ ಕೇಳಿದರು, ಎದೆ ಹಗುರಾಯಿತು. ಆ ಹಗುರವೇ ನನಗೆ ಅಸಹ್ಯ. ಆ ಕೋಣೆಯಿಂದ ಮಾತು ಹೊರಗೆ ಹೋಗುವುದಿಲ್ಲವಲ್ಲ, ನಿನಗೆ ಅದರಿಂದ ಬಂದದ್ದೇನು?

ಅದಕ್ಕೇ ನಿನ್ನೆ ಗಂಜಿಗೆ ಹೋದೆ. ತೊಗರಿ ಚೀಲಗಳ ನಡುವೆ ನಿಂತು ವೀರೇಶನಿಗೆ ಎಲ್ಲ ಹೇಳಿದೆ. ಅವನು ನಕ್ಕುಬಿಟ್ಟ.

"ಅಂವನ ಹೊಟ್ಟಿಪಾಡಿಗೆ ನಿಮ್ಮ ಮರ್ಯಾದಿ ಕಳ್ಕೋತೀರೇನ್ ಮಾಮಾ? ದೇವ್ರಂಥವ್ರು ಬಿಡ್ರಿ ನೀವು." ಗುಮಾಸ್ತರಿಗೂ ಕೂಗಿ ಹೇಳಿದ, "ನೋಡ್ರಪ್ಪಾ, ನಮ್ಮ ಮಾಮಾನ ದೊಡ್ಡ ಮನಸು!"

ನನ್ನ ಸುಳ್ಳನ್ನು ಒಂದೇ ಕ್ಷಣದಲ್ಲಿ ನಂಬಿದವನು ನನ್ನ ನಿಜವನ್ನು ನಂಬಲಿಲ್ಲ. ಚಹಾ ತರಿಸಿದ. ಅದನ್ನು ಕುಡಿದು ಎದ್ದು ಬಂದೆ. ದೇವರಂಥವನಾಗಿ ಬಸ್ಸಿನಲ್ಲಿ ಕೂತು ಕಮಲಾಪುರಕ್ಕೆ ಬಂದೆ.

ಅವನು ನಂಬುವುದು ಒಬ್ಬಳನ್ನೇ, ಅವನ ಅಕ್ಕ ಸುವರ್ಣಾಳನ್ನು. ನಾನು ವಾಂತಿ ಮಾಡಿದ್ದನ್ನು ಒರೆಸಿದವಳು, ಶಾಲೆಗೆ ಹೋಗಿ ನನಗೆ ಜ್ವರ ಬಂದಿದೆ ಎಂದು ಹೇಳಿ ಬಂದವಳು. ತವರಿನವರ ಮುಂದೆ ನಾನು ತಲೆ ತಗ್ಗಿಸಬಾರದೆಂದು ಇಷ್ಟು ವರ್ಷ ಬಾಯಿ ಬಿಡದವಳು. ಇವತ್ತು ಅವಳ ಮುಂದೆ ಕೂತು ನಿನ್ನ ವಿಷಯ ಹೇಳಿದೆ. ನಾಳೆ ಗಂಜಿಗೆ ಬರುತ್ತೀಯಾ ಎಂದು ಕೇಳಿದೆ.

ಹಿಟ್ಟು ನಾದುತ್ತಿದ್ದ ಕೈ ನಿಂತಿತು.

"ಬರ್ತೀನಿ," ಅಂದಳು. "ಆದ್ರ ನಾ ಬಾಯಿ ತೆಗದ್ರ ಅಂಬಾರಾಯಂದು ಒಂದೇ ಹೇಳಂಗಿಲ್ರಿ. ನೀವ್ ನನಗ ಹೊಡದಿದ್ದೂ ಹೇಳ್ತೀನಿ."

ಅದನ್ನು ನಾನು ಸಭೆಯಲ್ಲೂ ಹೇಳಿರಲಿಲ್ಲ, ಅಂಬಾರಾಯ. ನಿನಗೂ ಹೇಳಿರಲಿಲ್ಲ.

"ಹೇಳು," ಅಂದೆ.