ಮಂಗಳವಾರ ನಿಲ್ಲಿಸಿಕೊಂಡ ನಾದಿನಿ

ನನ್ನ ನಾದಿನಿಯ ಬಲಗೈ ಹೆಬ್ಬೆರಳಿನಲ್ಲಿ ಹುಣಸೆಬೀಜದಷ್ಟು ದಪ್ಪದ ಜಡ್ಡು. ಮೈಸೂರಿನ ಲ್ಯಾಬಿನಲ್ಲಿ ದಿನವಿಡೀ ಪಿಪೆಟ್ಟು ಒತ್ತಿ, ತೊಟ್ಟು ತೊಟ್ಟಾಗಿ ಔಷಧಿ ಬಿಟ್ಟು ಆದದ್ದು. "ಪಿಎಚ್‌ಡಿ ಓದೋಳ ಕೈಯಾ ಇದು? ಕಳೆ ಕೀಳೋಳ್ದು ಇದ್ದಂಗದೆ ಕಣಮ್ಮಿ," ಎಂದು ಅತ್ತೆ ಇದ್ದಾಗ ಆಡಿಕೊಳ್ಳುತ್ತಿದ್ದರು. "ನಂದೂ ಕೂಲಿನೇ ಕಣವ್ವ, ನೆಳ್ಳಲ್ಲಿ ಮಾಡ್ತೀನಿ ಅಷ್ಟೇಯ," ಎನ್ನುವಳು.

ಭಾನುವಾರ ಗುಂಡ್ಲುಪೇಟೆಗೆ ಬಂದರೆ ಈರುಳ್ಳಿ ಹೆಚ್ಚಿಕೊಡುತ್ತಾ ನನಗೂ ಪಾಠ. "ಕೋಶದೊಳ್ಗಿರೋ ಡಿಎನ್‌ಎ ಕಡಿದೋದ್ರೆ ಅದು ಮೊದ್ಲು ಕೆಲ್ಸ ನಿಲ್ಲಿಸ್ತದೆ ಅತ್ಗೆ. ಆಮೇಲೆ ರಿಪೇರಿಗೆ ಕೂರ್ತದೆ. ಆಗ್ದಿದ್ರೆ ತಾನೇ ಸಾಯ್ತದೆ." ಏಳನೇ ತರಗತಿಗೆ ಶಾಲೆ ಬಿಟ್ಟ ನನಗೂ ಹೇಳಬೇಕು ಅನ್ನಿಸಿತಲ್ಲ ಅವಳಿಗೆ, ಅದು ಶಿವನ ದಯೆ.

ಅತ್ತೆ ತೀರಿಕೊಂಡ ಮೇಲೆ ಒಂದು ಸಲ ಅಮಾವಾಸ್ಯೆ ಪೂಜೆಗೆಂದು ಸೋಮವಾರ ಬಂದಳು. ಒಬ್ಬ ರೋಗಿಯ ಕೋಶಗಳಿಗೆ ಡಿಎನ್‌ಎ ಕಡಿಯುವ ಔಷಧಿ ಹಾಕಿ ಬಂದಿದ್ದಳು. ಮಂಗಳವಾರ ಅದೇ ಹೊತ್ತಿಗೆ ತೆಗೆದು ನೋಡಬೇಕು. ಆ ರೋಗಿ ಆಗಲೇ ತೀರಿಹೋಗಿದ್ದ. ಉಳಿದಿದ್ದದ್ದು ಆ ಕೋಶಗಳಷ್ಟೇ. ಇದನ್ನೆಲ್ಲ ನನಗೆ ಹೇಳಿಯೂ ಇದ್ದಳು.

ಬೆಳಿಗ್ಗೆ ಬ್ಯಾಗು ಹಿಡಿದಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಮಂಗ್ಳಾರ ಮನೆಮಗ್ಳು ಹೊಸ್ಲು ದಾಟ್ಬಾರ್ದು ಕಣಮ್ಮಿ. ನಾಳೀಕೆ ಓಗು."

"ಕೋಶಕ್ಕೆ ವಾರ ಗೊತ್ತಾದದಾ ಅತ್ಗೆ? ಕಾಯಕಿಲ್ಲ ಅವು."

"ನಿಮ್ಮಣ್ಣ ಲಾರಿ ತಕ್ಕೊಂಡು ಘಾಟಿ ಇಳೀತಾವ್ರೆ. ಏನಾರ ಆದ್ರೆ?"

ನನ್ನ ಮುಖ ನೋಡಿದಳು. ಬ್ಯಾಗು ಕೆಳಗಿಟ್ಟಳು. ಲ್ಯಾಬಿನ ಗೆಳತಿಗೆ ಫೋನು ಮಾಡಿದರೆ ಆಕೆ ರಜೆಯಲ್ಲಿದ್ದಳು.

ಬುಧವಾರ ಹೋಗುವಷ್ಟರಲ್ಲಿ ಕೋಶಗಳೆಲ್ಲ ಸತ್ತಿದ್ದವು. ಪ್ರಬಂಧದ ಕೊನೆಯ ಅಧ್ಯಾಯ ಅವುಗಳ ಮೇಲೇ ನಿಂತಿತ್ತು. ಅಂಥದೇ ಕಾಯಿಲೆಯ ಇನ್ನೊಬ್ಬ ರೋಗಿಗಾಗಿ ಆಸ್ಪತ್ರೆಗಳಿಗೆ ಎರಡು ವರ್ಷ ಅಲೆದಳು. ಅಷ್ಟರಲ್ಲಿ ಫೆಲೋಶಿಪ್ ಮುಗಿಯಿತು, ಗೈಡ್ ನಿವೃತ್ತರಾದರು. ಈಗ ಚಾಮರಾಜನಗರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ.

ಹೋದ ತಿಂಗಳು ಪಿಎಚ್‌ಡಿ ನೋಂದಣಿ ರದ್ದಾದ ಕಾಗದ ಬಂತು. ಊಟಕ್ಕೆ ಕೂತಿದ್ದ ನನ್ನ ಗಂಡ ಸಿಡುಕಿದರು: "ಏಳು ವರ್ಸ ಮಣ್ಣಿಗಾಕ್ಬುಟ್ಟಲ್ಲ! ಯಾಕಮ್ಮಿ ಹಿಂಗ್ಮಾಡ್ಕಂಡೆ?"

"ನನ್ ಕೈಲಾಗ್ನಿಲ್ಲ ಕಣಣ್ಣ," ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸೌಟು ಹಿಡಿದು ನಿಂತಿದ್ದೆ. ಆ ಮಂಗಳವಾರ ಗಂಡ ಕ್ಷೇಮವಾಗಿ ಘಾಟಿ ಇಳಿದರು; ಇವಳು ಇವತ್ತಿಗೂ ನನ್ನ ಕೈ ಅನ್ನ ಉಣ್ಣುತ್ತಾಳೆ. ಪೂಜೆಗೆ ಕೂತಾಗ ಶಿವನ ದಯೆ ಎಂದು ಇವೆರಡನ್ನೇ ಎಣಿಸುತ್ತೇನೆ. ತಡೆದವಳು ನಾನು ಎಂದು ಅವತ್ತು ಒಂದು ಮಾತು ಆಡಿದ್ದರೆ ಅವಳ ತಲೆಯ ಮೇಲಿನ ಹೊರೆ ಇಳಿಯುತ್ತಿತ್ತು. ಆಡಲಿಲ್ಲ. "ಸಾರು ಬುಡ್ಲಾ?" ಎಂದೆ.

ತಟ್ಟೆ ಮುಂದೆ ಹಿಡಿದಳು.