ಎರಡು ದಡದ ಸೋಬಾನೆಗೊಂದು ಕಟ್ಟಳೆ

ನನ್ನ ತವರು ತುಂಗಭದ್ರೆಯ ಆಚೆ ದಡದಲ್ಲಿ, ನಿಜಾಮರ ಸೀಮೆ. ನನ್ನನ್ನು ಕೊಟ್ಟದ್ದು ಈಚೆ ದಡಕ್ಕೆ, ನಂದವರದ ಹತ್ತಿರದ ಹಳ್ಳಿಗೆ, ಇಂಗ್ಲಿಷರ ಸೀಮೆ. ರೂಪಾಯಿ ಬೇರೆ, ಪೊಲೀಸರು ಬೇರೆ. ಹರಗೋಲು ಇಳಿದರೆ ಸುಂಕದವರು ಗಂಟು ಬಿಚ್ಚಿಸಿ ನೋಡುತ್ತಿದ್ದರು. ಹಾಗಂತ ಹೆಣ್ಣು ಕೊಡುವುದು, ತರುವುದು ನಿಂತಿರಲಿಲ್ಲ.

ನನ್ನ ಮದುವೆಯಲ್ಲಿ ಹಾಡಿನ ಜಗಳವಾಯಿತು. ನಮ್ಮ ಕಡೆಯ ಹೆಂಗಸರು ಕನ್ನಡದ ಸೋಬಾನೆ ಎತ್ತಿದರೆ ಗಂಡಿನ ಕಡೆಯವರು ಅದರ ಮೇಲೆಯೇ ತೆಲುಗು ಹಾಡು ಎತ್ತಿದರು. ಅರಿಶಿನ ಹಚ್ಚಿಸಿಕೊಂಡು ಕೂತ ನನಗೆ ಕೂಗಾಟವಷ್ಟೇ ಕೇಳಿಸಿತು. ನನ್ನ ಸೋದರತ್ತೆ ಉಣ್ಣದೆ ಎದ್ದು ಹೋದಳು.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲಕ್ಕೆ ನನ್ನ ನಾದಿನಿಯನ್ನು ನನ್ನ ತವರೂರಿಗೇ ಕೊಡುವುದೆಂದಾಯಿತು. ಈ ಸಲ ಹಾಗಾಗಲು ಬಿಡಬಾರದೆಂದು ಗಟ್ಟಿ ಮನಸ್ಸು ಮಾಡಿ, ಎರಡೂ ಕಡೆಯವರು ಮೊದಲೇ ಕೂತು ಹಾಡಿನ ಮಾತು ಮುಗಿಸೋಣವೆಂದು ಅತ್ತೆಗೆ ಹೇಳಿದೆ.

“ಹಾಡಿಗೂ ಪಂಚಾಯ್ತಿ ಮಾಡ್ತೀ ಏನವ್ವಾ?” ಎಂದರು.

“ಮಾಡಬೇಕ್ರಿ ಅತ್ತಿ. ಇಲ್ಲಂದ್ರ ಮತ್ಯಾರೋ ಉಣ್ಣದಂಗ ಎದ್ದು ಹೋಗ್ತಾರ.”

ಅವರು ಸ್ವಲ್ಪ ಯೋಚಿಸಿ, “ನಡಿ, ನಾನೂ ಬರ್ತೀನಿ” ಎಂದರು.

ತವರಿನ ಅಂಗಳದಲ್ಲಿ ಎರಡೂ ಕಡೆಯ ಹೆಂಗಸರು ಕೂತೆವು. ಸೋದರತ್ತೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. “ನಮ್ಮ ಅಂಗಳದಾಗ ನಮ್ಮ ಹಾಡು. ತೆಲುಗು ಹಾಡು ಇಲ್ಲಿ ಯಾಕ ಬೇಕು?” ಎಂದಳು.

ಅತ್ತೆ ದನಿ ಏರಿಸಲಿಲ್ಲ. “ನಮ್ಮ ಪಿಲ್ಲ, ನಮ್ಮ ಹುಡುಗಿ, ನಿಮ್ಮ ಮನಿಗೆ ಬರ್ತಾಳ್ರಿ. ಆಕಿ ಹಾಡು ಹೊಳಿ ಆಚಿಗೇ ಬಿಟ್ಟು ಬರಬೇಕೇನು?”

ಸೋದರತ್ತೆ ನನ್ನ ಮುಖ ನೋಡಿದಳು. ನಾನು ನನ್ನ ಹಾಡು ಬಿಟ್ಟು ಹೊಳೆ ದಾಟಿ ಹೋಗಿದ್ದವಳು. ಆಮೇಲೆ ಆಕೆಯೇ ಕಟ್ಟಳೆ ಹೇಳಿದಳು: ಯಾರ ಮನೆಯೋ ಮೊದಲ ಹಾಡು ಅವರದು, ಆಮೇಲೆ ಬಂದವರದು. ಎರಡೂ ಕಡೆಯವರು ಇನ್ನೊಬ್ಬರದೊಂದು ಹಾಡು ಕಲಿತು ಹಾಡಬೇಕು.

ಬೀಗರನ್ನು ಬೈಯುವ ಹಾಡಿನ ಮಾತು ಬಂದಾಗ ಮಾತ್ರ ತಕರಾರು ಎದ್ದಿತು. “ಅವು ಅವರವರ ಭಾಷಿಯಾಗೇ ಇರಲಿ, ತಿಳೀದಿದ್ರ ಸಿಟ್ಟು ಬರಂಗಿಲ್ಲ” ಎಂದಳೊಬ್ಬಳು. “ನಮಗ ಎಲ್ಲಾ ತಿಳಿತೈತಲ್ಲಾ!” ಎಂದರು ಅತ್ತೆ. ಎಲ್ಲರೂ ನಕ್ಕರು. ಅದನ್ನು ಹಾಗೇ ಬಿಟ್ಟೆವು.

ಹತ್ತಿ ಬಿಡಿಸುತ್ತಾ ನಮ್ಮ ಕೇರಿಯವರಿಗೆ ಕನ್ನಡದ ಸೋಬಾನೆ ಕಲಿಸಿದೆ. ಆಗಾಗ ತವರಿಗೆ ಹೋಗಿ ಅಲ್ಲಿಯವರಿಗೆ ತೆಲುಗಿನದು ಕಲಿಸಿದೆ. ಅತ್ತೆ ಕನ್ನಡದ ಹಾಡಿನ ಒಂದು ನುಡಿಯನ್ನು ಸದಾ ಮರೆಯುತ್ತಿದ್ದರು. ಬೇಜಾರಿಲ್ಲದೆ ಮತ್ತೆ ಮೊದಲಿನಿಂದ ಹಾಡುತ್ತಿದ್ದರು.

ಮದುವೆಯ ದಿನವೂ ಅಲ್ಲೇ ತಡವರಿಸಿದರು. ಎದುರಿಗೆ ಕೂತಿದ್ದ ಸೋದರತ್ತೆ ಆ ನುಡಿಯನ್ನು ಮೆಲ್ಲಗೆ ಎತ್ತಿಕೊಟ್ಟಳು. ಇಬ್ಬರೂ ಕೂಡಿಯೇ ಹಾಡು ಮುಗಿಸಿದರು. ಅರಿಶಿನದ ಕೈಯಲ್ಲೇ ನಾದಿನಿ ಕಣ್ಣೊರೆಸಿಕೊಂಡಳು. ಬೈಯುವ ಹಾಡುಗಳು ಊಟದ ಹೊತ್ತಿಗೆ ಎರಡೂ ಭಾಷೆಯಲ್ಲಿ ಜೋರಾಗಿಯೇ ನಡೆದವು. ಯಾರೂ ಎಲೆ ಬಿಟ್ಟು ಏಳಲಿಲ್ಲ.

ಮುಂದೆ ಹೊಳೆಯ ಎರಡೂ ಕಡೆಯ ಕೆಲವು ಮನೆಯವರು ಈ ಕಟ್ಟಳೆ ಹಿಡಿದರು. ಒಂದು ಊರಿನವರು ಮಾತ್ರ, “ನಮ್ಮ ಹಾಡು ನಮಗ ಸಾಕು” ಎಂದುಬಿಟ್ಟರು. ನಾನು ಬಿಡಲಿಲ್ಲ. ನೀರು ಇಳಿದಾಗಲೆಲ್ಲ ಹೊಳೆ ದಾಟಿ ಹೋಗಿ, ಅವರ ಜಗಲಿಯಲ್ಲಿ ಕೂತು, “ನಿಮ್ಮದೊಂದು ನನಗ ಕಲಿಸ್ರಿ” ಎಂದು ಕೇಳುತ್ತಿದ್ದೆ.